ಕಣ್ಣಿನ ಕಸದ ಕಾಲಂ

ಇವಳೇ,

ಎದುರಿಗಿದ್ದಾಗ ಹೀಗೆ ಕರೆದರೆ "ನನಗೊಂದು ಹೆಸರಿದೆ ರೀ" ಎಂದು ನೀನು ಸಿಡುಕುತ್ತಿದ್ದೆ. ಸಿಡುಕಲಿ ಅಂತಲೇ ಕರೆಯುತ್ತಿದ್ದೇನೆ.

ಇವತ್ತು ನೀನು ಕೊಂಡಿಟ್ಟಿದ್ದ ಆ ಷೇರುಗಳನ್ನು ಮಾರಿಬಿಟ್ಟೆ. ನಮ್ಮ ಔಷಧಿ ಅಂಗಡಿಯ ಬಿಲ್ಲಿನ ಸಾಫ್ಟ್‌ವೇರ್ ಮಾಡುವ ಕಂಪನಿಯದು. ಪೂರ್ತಿ ಓದಿ ಆಮೇಲೆ ಬೈ.

ಟೆಕ್ನಾಲಜಿ ಕಂಪನಿಗಳನ್ನು ಅಳೆಯಲು ನಿನ್ನ ನೋಟ್‌ಬುಕ್ಕಿನಲ್ಲಿ ಎರಡೇ ಕಾಲಂ. ಒಂದು, ಕಂಪನಿ ವ್ಯಾಪಾರಕ್ಕೆ ಹಾಕಿದ ನೂರು ರೂಪಾಯಿಗೆ ವರ್ಷಕ್ಕೆ ಹುಟ್ಟುವ ಲಾಭವೆಷ್ಟು. ಇನ್ನೊಂದಕ್ಕೆ ಇಂಗ್ಲಿಷ್ ಪತ್ರಿಕೆಯಲ್ಲಿ 'ಮೋಟ್' ಎಂದಿತ್ತು. ನನ್ನ ಕಾಲೇಜು ಇಂಗ್ಲಿಷ್ ಗೊತ್ತಲ್ಲ, "ಕಣ್ಣಿಗೆ ಬಿದ್ದ ಕಸ ಕಣೇ" ಅಂದೆ. ನಿಘಂಟು ತೆಗೆದು ಹೊಟ್ಟೆ ಹಿಡಿದುಕೊಂಡು ನಕ್ಕೆಯಲ್ಲ! "ಪಂಡಿತರೇ, ಅದು ಬೇರೆ ಮೋಟು. ಇದು ಕೋಟೆ ಸುತ್ತಲಿನ ಕಂದಕ. ಎದುರಾಳಿ ದಾಟಿ ಬರಬಾರದು, ಒಳಗಿರೋ ಗಿರಾಕಿ ಬಿಟ್ಟು ಹೋಗಬಾರದು." ಆದರೂ ಕಾಲಮ್ಮಿನ ತಲೆಯ ಮೇಲೆ ಬರೆದದ್ದು ಮಾತ್ರ 'ಕಣ್ಣಿನ ಕಸ'.

ಈ ಕಂಪನಿಯ ಮುಂದೆ ಆ ಕಾಲಮ್ಮಿನಲ್ಲಿ ನೀನು ಬರೆದಿದ್ದೆ: 'ಗಿರಾಕಿ ಟಿಪ್ಪಣಿಗಳು. ಇವನ್ನು ಬಿಟ್ಟು ಯಾವ ಅಂಗಡಿಯವರೂ ಹೋಗಲಾರರು.'

ನಾನಂತೂ ಹೋಗಲಿಲ್ಲ. ನೀನು ಹೋಗಿ ಎರಡು ವರ್ಷವಾಯಿತು. ಗಿರಾಕಿಯ ಹೆಸರು ಒತ್ತಿದರೆ, ನೀನು ಬರೆದಿಟ್ಟ ಟಿಪ್ಪಣಿಯಲ್ಲಿ ಪರದೆಯ ಮೇಲೆ ನೀನೇ ಬಂದು ನಿಲ್ಲುತ್ತೀಯ. 'ಈ ಅಜ್ಜಿಗೆ ಮುಚ್ಚಳ ಸಡಿಲಿಸಿ ಕೊಡಿ.' 'ಮೇಷ್ಟ್ರಿಗೆ ಗಟ್ಟಿಯಾಗಿ ಹೇಳಿ, ಕಾಯಿಲೆಯ ಹೆಸರು ಮಾತ್ರ ಮೆಲ್ಲಗೆ.' ಅಜ್ಜಿ ಹೋದ ವರ್ಷ ತೀರಿಕೊಂಡಳು. ಆದರೂ ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಅವಳ ಹೆಸರು ಒತ್ತುತ್ತಿದ್ದೆ, ನೀನು ಏನಾದರೂ ಹೇಳಲಿ ಎಂದು. ಒಮ್ಮೊಮ್ಮೆ ನಿಜವಾಗಿಯೂ ಮುಚ್ಚಳ ಸಡಿಲಿಸಿ ಇಡುತ್ತಿದ್ದೆ.

ಆ ಷೇರುಗಳನ್ನು ನಾನಿನ್ನೂ ಇಟ್ಟುಕೊಂಡಿರುವುದು ಮಗಳಿಗೆ ಗೊತ್ತಾಯಿತು. "ಅಪ್ಪಾ, ನೂರಕ್ಕೆ ಮೂವತ್ತು ಹುಟ್ತಿದ್ದದ್ದು ಮೂರು ವರ್ಷದಲ್ಲಿ ಒಂಬತ್ತಕ್ಕಿಳಿದಿದೆ. ಅಮ್ಮ ಆಗಿದ್ರೆ ಯಾವತ್ತೋ ಮಾರ್ತಿದ್ಲು."

"ಕಂದಕ ಇದೆಯಲ್ಲಮ್ಮ."

"ಇದೆಯಾ? ನೋಡೇಬಿಡೋಣ" ಎಂದು ಭಾನುವಾರ ಬೇರೆ ಕಂಪನಿಯ ಸಾಫ್ಟ್‌ವೇರ್ ಹಾಕಿದಳು. ಹಳೆಯದನ್ನೆಲ್ಲ ಅದೇ ಎಳೆದುಕೊಳ್ಳುತ್ತದಂತೆ. ನಾನು ಗೋಡೆಯ ಕಡೆ ಮುಖಮಾಡಿ ಕುಳಿತೆ. ಆಸ್ಪತ್ರೆಯ ಕಾರಿಡಾರಿನಲ್ಲೂ ಹೀಗೇ ಕುಳಿತಿದ್ದೆ. ಈ ಸಲ ಚಹಾ ಆರುವಷ್ಟು ಹೊತ್ತು, ಅಷ್ಟೇ.

"ಬಂತಪ್ಪಾ, ಎಲ್ಲಾ ಬಂತು."

ಯಾಕೋ ನನ್ನ ಹೆಸರನ್ನೇ ಒತ್ತಿದೆ; ಮಾತ್ರೆಗೆ ನಾನೂ ಗಿರಾಕಿಯೇ ತಾನೇ. ಇಷ್ಟು ದಿನ ಅದೊಂದನ್ನು ಒತ್ತಿರಲಿಲ್ಲ. ಏನೂ ಬರೆದಿರದಿದ್ದರೆ ಎಂಬ ಭಯ.

'ಇವರು ಸಿಹಿ ಮುಟ್ಟೇ ಇಲ್ಲ ಅಂತಾರೆ. ನಂಬಬೇಡಿ. ಜೇಬು ನೋಡಿ.'

ಜೇಬಿನಲ್ಲಿ ಎರಡು ಪೆಪ್ಪರ್‌ಮಿಂಟ್ ಇದ್ದವು. ಬೆನ್ನ ಹಿಂದೆ ನೀನು ನಿಂತಿದ್ದೀಯ ಅನ್ನಿಸಿ ತಿರುಗಿದೆ. ನಿಂತಿದ್ದವಳು ಮಗಳು.

"ಅಳ್ತಿದ್ದೀರಾ?"

"ಕಣ್ಣಿಗೆ ಕಸ ಬಿತ್ತು ಕಣೇ."

ಆ ಕಂಪನಿಗೆ ಕಂದಕವೇ ಉಳಿದಿಲ್ಲ. ನೀನೇ ಇಷ್ಟು ಸಲೀಸಾಗಿ ದಾಟಿ ಬಂದ ಮೇಲೆ ಇನ್ಯಾರು ಅಲ್ಲಿ ನಿಲ್ಲುತ್ತಾರೆ? ನೋಟ್‌ಬುಕ್ಕಿನಲ್ಲಿ ಅದರ ಹೆಸರಿನ ಮೇಲೆ ಗೆರೆ ಎಳೆದಿದ್ದೇನೆ.

ನೀನಿರುವಲ್ಲಿ ಯಾವ ಮುಚ್ಚಳವೂ ಬಿಗಿಯಾಗದಿರಲಿ. ತಣ್ಣಗಿರು. ಜೇಬು ಖಾಲಿ ಮಾಡಿದ್ದೇನೆ, ನಂಬಬೇಡ.

ನಿನ್ನ,
ಪಂಡಿತ