ಮೂಗಿನ ನೌಕರಿ

ಗೋದಾಮಿನ ಮೇಲಿನ ಮನೆ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಅಪ್ಪಾ,

ಹಾಸ್ಟೆಲಿನವರು ಒಪ್ಪಿಬಿಟ್ಟರು, ಅದೂ ನಿನ್ನ ಮಗಳ ಮೂಗನ್ನು ನೋಡಿ ಒಪ್ಪಿದರು! ಮೊದಲು ಕ್ಷೇಮಸಮಾಚಾರ ಕೇಳಬೇಕು, ಆಮೇಲೆ ಸುದ್ದಿ ಹೇಳಬೇಕು ಎಂದು ನೀನು ಕಲಿಸಿದ್ದು ಮರೆತಿಲ್ಲ, ಆದರೆ ಸುದ್ದಿ ನಾಲಿಗೆಯ ತುದಿಯಲ್ಲೇ ಕೂತಿತ್ತು, ಏನು ಮಾಡಲಿ? ಈಗ ಕೇಳುತ್ತೇನೆ. ಹೇಗಿದ್ದೀಯ? ಮಂಡಿನೋವು ಹೇಗಿದೆ? ಕಾರ್ಖಾನೆಯ ಕ್ಯಾಂಟೀನಿನ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳುತ್ತೀಯೋ, ಎರಡು ಕೈಯಲ್ಲೂ ಪಾತ್ರೆ ಎತ್ತಿಕೊಂಡು ಹೀರೋ ಥರ ಇಳಿಯುತ್ತೀಯೋ? ನಾನಂತೂ ತುಂಬಾ ತುಂಬಾ ಚೆನ್ನಾಗಿದ್ದೇನೆ. (ತುಂಬಾ ಎರಡು ಸಲ ಬಂತೆಂದು ನಗಬೇಡ. ಇಂಗ್ಲಿಷ್ ಶಾಲೆಗೆ ಕಳಿಸಿ, ಕನ್ನಡದಲ್ಲಿ ಕಾಗದ ಬರೆ ಎಂದರೆ ಇಷ್ಟೇ ಬರುವುದು.) ನಿನ್ನ ಅಳಿಯನೂ ಚೆನ್ನಾಗಿದ್ದಾರೆ. ಗೊರಕೆ ಹೊಡೆಯುತ್ತಾರೆ, ಆದರೆ ಅಪ್ಪಾ, ಗೊರಕೆಯೂ ಇಷ್ಟು ಮುದ್ದಾಗಿರಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ಈ ಸಾಲನ್ನು ಯಾರ ಮುಂದೆಯೂ ಓದಬೇಡ.

ಅತ್ತೆ ನಡೆಸುವ ಸಂಸ್ಥೆಯ ಬಗ್ಗೆ ಮದುವೆಯ ಗಡಿಬಿಡಿಯಲ್ಲಿ ನಿನಗೆ ಸರಿಯಾಗಿ ಹೇಳಿರಲೇ ಇಲ್ಲ. ಹೋಟೆಲು, ಬೇಕರಿ, ಆಫೀಸುಗಳ ಕ್ಯಾಂಟೀನು, ಎಲ್ಲೆಲ್ಲಿ ಊಟ ಮಿಕ್ಕುತ್ತದೋ ಅಲ್ಲಿಗೆ ನಮ್ಮ ವ್ಯಾನ್ ಹೋಗುತ್ತದೆ. ತಂದದ್ದನ್ನು ಕೆಳಗಿನ ಗೋದಾಮಿನಲ್ಲಿ ಇಳಿಸಿ, ಪರೀಕ್ಷೆ ಮಾಡಿ, ಡಬ್ಬಿಗಳಿಗೆ ತುಂಬಿ, ಆಸ್ಪತ್ರೆಯ ಹೊರಗೆ ಕಾಯುತ್ತ ಕೂತವರಿಗೆ, ಕಟ್ಟಡ ಕೆಲಸದವರ ಶೆಡ್ಡುಗಳಿಗೆ, ಬಸ್ ನಿಲ್ದಾಣದಲ್ಲೇ ಮಲಗುವವರಿಗೆ ಹಂಚುತ್ತೇವೆ. ಯಾರಿಗೂ ಸಂಬಳವಿಲ್ಲ, ಎಲ್ಲರಿಗೂ ಬೈಗುಳವಿದೆ, ಅದೂ ಅತ್ತೆಯ ಬಾಯಿಂದ ಬಿಸಿಬಿಸಿಯಾಗಿ. ಹೋದ ವರ್ಷ ಮಕ್ಕಳ ಹಾಸ್ಟೆಲಿಗೆ ಕಳಿಸಿದ ಒಂದು ಪಾತ್ರೆ ಊಟ ಕೆಟ್ಟಿತ್ತಂತೆ. ಮಕ್ಕಳಿಗೆಲ್ಲ ವಾಂತಿ. ಹುಷಾರೇನೋ ಆದರು, ಆದರೆ ವಾರ್ಡನ್ ಮೇಡಂ ಅಂದಿನಿಂದ ನಮ್ಮ ವ್ಯಾನನ್ನು ಗೇಟಿನ ಒಳಗೆ ಬಿಡಲಿಲ್ಲ. ಅತ್ತೆ ತಿಂಗಳುಗಟ್ಟಲೆ ನೆಟ್ಟಗೆ ಊಟ ಮಾಡಲಿಲ್ಲವಂತೆ. "ಇನ್ನೊಂದು ಮಗು ಹೊಟ್ಟೆ ಹಿಡ್ಕೊಂಡ್ರೆ ಈ ಬಾಗಿಲಿಗೆ ಬೀಗ ಹಾಕ್ತೀನಿ, ಆಮೇಲೆ ಯಾರು ಬಂದು ಕಾಲು ಹಿಡಿದ್ರೂ ತೆಗೆಯಲ್ಲ" ಎಂದಿದ್ದರಂತೆ. ಅವರು ಅಂದದ್ದನ್ನು ಮಾಡದೆ ಬಿಡುವವರಲ್ಲ, ನೀನೇ ನೋಡಿದ್ದೀಯಲ್ಲ.

ಅಂಥ ಮನೆಗೆ ಬಂದವಳು ನಾನು. ಮೊದಲನೇ ವಾರವೇ ಗೋದಾಮು ನೋಡಲು ಕೆಳಗಿಳಿದೆ, ಹೊಸ ಸೀರೆ, ಹೊಸ ಚಪ್ಪಲಿ, ಎಲ್ಲ ಹೊಸದು. ಮೂಲೆಯಲ್ಲಿ ಅನ್ನದ ದೊಡ್ಡ ಪಾತ್ರೆ ಇತ್ತು. ನಾನು ಬಾಗಿಲಲ್ಲೇ ನಿಂತು "ಅದು ಹಳಸಿದೆ" ಎಂದೆ. ಎಲ್ಲರೂ ಬಗ್ಗಿ ಬಗ್ಗಿ ಮೂಸಿದರು, ಯಾರಿಗೂ ಏನೂ ಗೊತ್ತಾಗಲಿಲ್ಲ. ಹೊಸ ಸೊಸೆ ಧಿಮಾಕು ತೋರಿಸುತ್ತಿದ್ದಾಳೆ ಎಂದುಕೊಂಡಿರಬೇಕು. ಅತ್ತೆ ಮಾತ್ರ ಪಾತ್ರೆ ತೆಗೆದಿಡಿಸಿದರು. ಸಂಜೆಯಾಗುವಷ್ಟರಲ್ಲಿ ಅದು ಗುಳುಗುಳು ಎನ್ನುತ್ತಿತ್ತು. ಅಪ್ಪಾ, ಅತ್ತೆ ನನ್ನನ್ನು ಎಲ್ಲರ ಮುಂದೆ ಅಪ್ಪಿಕೊಂಡರು! ಅವತ್ತಿನಿಂದ ನನ್ನ ಹೆಸರು ಮೂಗಮ್ಮ. ನಾನು ಮೂಸಿ ತಲೆಯಾಡಿಸದೆ ಒಂದು ಅಗುಳೂ ಹೊರಗೆ ಹೋಗುವುದಿಲ್ಲ. ಸುದ್ದಿ ಕೇಳಿ ವಾರ್ಡನ್ ಮೇಡಂ ತಾವೇ ಬಂದು ಬಟ್ಟೆ ಮುಚ್ಚಿದ ಬಟ್ಟಲುಗಳನ್ನು ಸಾಲಾಗಿ ಇಟ್ಟು ಪರೀಕ್ಷೆ ಮಾಡಿದರು. ಯಾವುದು ಇವತ್ತಿನ ಹಾಲು, ಯಾವುದು ನಿನ್ನೆಯದು, ಯಾವುದು ಎರಡೂ ಬೆರೆಸಿದ್ದು, ಎಲ್ಲ ಸರಿಯಾಗಿ ಹೇಳಿದೆ. ನಿನ್ನೆ ಅವರ ಒಪ್ಪಿಗೆ ಬಂತು. ಒಂದನೇ ತಾರೀಖಿನಿಂದ ಹಾಸ್ಟೆಲಿನ ಮಕ್ಕಳಿಗೆಲ್ಲ ರಾತ್ರಿಯ ಊಟ ನಮ್ಮದೇ, ಒಂದೇ ಷರತ್ತು, "ಆ ಹುಡುಗಿ ಮೂಸಿದ್ದು ಮಾತ್ರ ಬರಲಿ." ಅತ್ತೆ ನಿನ್ನೆ ಎರಡು ಸಲ ಬಡಿಸಿಕೊಂಡು ಊಟ ಮಾಡಿದರು. ಮೇಜಿನ ಕೆಳಗೆ ಇವರು ನನ್ನ ಕೈ ಹಿಡಿದು, "ನೋಡು, ಅಮ್ಮ ಊಟ ಮಾಡ್ತಿರೋದು ನಿನ್ನಿಂದ" ಎಂದರು. ನನಗೆ ಖುಷಿಯಿಂದ ಅಳು ಬಂತು ಎಂದುಕೊಂಡರು ಪಾಪ.

ಖುಷಿಯಿಂದ ಅಲ್ಲ ಅಪ್ಪಾ. ನನಗೆ ಈಗ ವಾಸನೆಯೇ ಬರುತ್ತಿಲ್ಲ.

ಪರೀಕ್ಷೆ ಮುಗಿದ ಮೇಲೆ ಒಂದು ನೆಗಡಿ ಬಂತು, ಮಾಮೂಲಿ ನೆಗಡಿ, ಬಂತು, ಹೋಯಿತು. ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಅದು ಗೊತ್ತಾದ ರೀತಿ ಕೇಳು. ಈ ಮನೆಯಲ್ಲಿ ನನ್ನ ಮೂಗಿಗೆ ಇರುವ ಕಾವಲು ನನಗೂ ಇಲ್ಲ. ನಾನು ಈರುಳ್ಳಿ ಹೆಚ್ಚುವ ಹಾಗಿಲ್ಲ, ಪೌಡರ್ ಹಚ್ಚುವ ಹಾಗಿಲ್ಲ, ನನ್ನ ಪಕ್ಕದಲ್ಲಿ ಯಾರೂ ಅಗರಬತ್ತಿ ಹಚ್ಚುವ ಹಾಗಿಲ್ಲ. ನಿನ್ನ ಅಳಿಯ ಮದುವೆಯ ಮರುದಿನ ಕೊಟ್ಟ ಸೆಂಟಿನ ಬಾಟಲಿಯನ್ನು ಅತ್ತೆ "ಆಮೇಲೆ ಹಚ್ಕೊಳ್ಳುವೆಯಂತೆ, ಎಲ್ಲಿ ಓಡಿಹೋಗುತ್ತೆ" ಎಂದು ಬೀರುವಿನಲ್ಲಿಟ್ಟಿದ್ದರು. ಒಂದು ಮಧ್ಯಾಹ್ನ ಅತ್ತೆ ಕೆಳಗಿದ್ದಾಗ ಬೀರು ತೆಗೆದೆ. ಮಣಿಕಟ್ಟಿಗೆ ಸಿಂಪಡಿಸಿಕೊಂಡರೆ ಏನೂ ಇಲ್ಲ. ಸೆಂಟು ಆರಿಹೋಗಿದೆ ಎಂದುಕೊಂಡು ಕತ್ತಿಗೆ ಹಾಕಿದೆ, ಸೆರಗಿಗೆ ಹಾಕಿದೆ, ಸಿಟ್ಟು ಬಂದು ದಿಂಬಿಗೂ ಹಾಕಿದೆ. ಅಷ್ಟರಲ್ಲಿ ಇವರು ಒಳಗೆ ಬಂದರು, ಬಾಗಿಲಲ್ಲೇ ಮೂರು ಸೀನು! "ಏನೇ ಇದು, ಬಾಟ್ಲಿನೇ ಸುರ್ಕೊಂಡಿದ್ದೀಯಲ್ಲ!" ಎಂದು ಕಣ್ಣಲ್ಲಿ ನೀರು ಸುರಿಸುತ್ತ ನಕ್ಕರು. ತಮ್ಮ ಮೇಲಿನ ಪ್ರೀತಿಗೆ ಹಾಗೆ ಮಾಡಿದೆ ಎಂದು ತಿಳಿದರು. ನಾನು ಹಾಗೆಯೇ ತಿಳಿಯಲಿ ಎಂದು ಬಿಟ್ಟೆ. ಕಿಟಕಿ ಎಲ್ಲ ತೆಗೆದು, ಅತ್ತೆ ಮೇಲೆ ಬರುವುದರೊಳಗೆ ಇಬ್ಬರೂ ಸೇರಿ ದಿಂಬಿನ ಚೀಲ ಒಗೆದೆವು. ಅವರಿಗೆ ಅದು ತಮಾಷೆ. ನಾನು ಒದ್ದೆ ಚೀಲವನ್ನು ಮತ್ತೆ ಮತ್ತೆ ಮೂಗಿಗೆ ಹಿಡಿದು ನೋಡುತ್ತಿದ್ದೆ.

ಡಾಕ್ಟರ ಹತ್ತಿರ ಹೋಗು ಎನ್ನುತ್ತೀಯ, ಗೊತ್ತು. ಈ ಊರಿನ ಮೂಗಿನ ಡಾಕ್ಟರು ನಮ್ಮ ಸಂಸ್ಥೆಯ ಖಜಾಂಚಿ. ನಗಬೇಡ. ಫೋನ್ ಮಾಡೋಣವೆಂದರೆ ನಮ್ಮ ಕೋಣೆಗೂ ಅಡುಗೆಮನೆಗೂ ನಡುವೆ ಇರುವುದು ಒಂದು ಪರದೆ, ಮೆಟ್ಟಿಲ ಮೇಲೆ ಸದಾ ಯಾರೋ ಡಬ್ಬಿ ಹಿಡಿದು ಹತ್ತುತ್ತಿರುತ್ತಾರೆ, ಇಳಿಯುತ್ತಿರುತ್ತಾರೆ. ಹೊರಗೆ ಹೋಗಬೇಕಾದರೂ ಗೋದಾಮಿನ ನಡುವೆಯೇ ಹೋಗಬೇಕು, ಪ್ರತಿಯೊಬ್ಬರೂ ನನ್ನನ್ನು ನೋಡಿ ನಗುತ್ತಾರೆ, ದಾರಿ ಬಿಡುತ್ತಾರೆ, "ಮೂಗಮ್ಮ ಹೊರಟ್ರು, ಬೇಗ ಬನ್ನಮ್ಮ, ಪಾತ್ರೆ ಕಾಯ್ತಾ ಇರುತ್ತೆ" ಎನ್ನುತ್ತಾರೆ. ಇಷ್ಟು ಒಳ್ಳೆಯವರ ನಡುವೆ ಉಸಿರುಕಟ್ಟುತ್ತದೆ ಎಂದು ಯಾರ ಹತ್ತಿರ ಹೇಳುವುದು? ಯಾರಾದರೂ ಒಬ್ಬರು ಕೆಟ್ಟವರಾಗಿದ್ದರೆ ಅವರೊಂದಿಗಾದರೂ ಜಗಳವಾಡಿ ತವರಿಗೆ ಬಂದುಬಿಡುತ್ತಿದ್ದೆ.

ದಿನಾ ಹೇಗೆ ನಡೆಸುತ್ತಿದ್ದೇನೆ ಎಂದರೆ, ನಾಟಕ. ಮುಚ್ಚಳ ತೆಗೆಯುತ್ತೇನೆ, ಕಣ್ಣು ಮುಚ್ಚುತ್ತೇನೆ, ಉಸಿರೆಳೆಯುತ್ತೇನೆ, ಎಲ್ಲರೂ ಸುಮ್ಮನಾಗುತ್ತಾರೆ. ಆ ಮೌನದಲ್ಲಿ ನನಗೆ ಸಿಗುವುದು ಬರೀ ಗಾಳಿ. ಯಾವಾಗ ಮಾಡಿದ ಅಡುಗೆ ಎಂದು ಮಾತಿನ ನಡುವೆ ಕೇಳಿ ತಿಳಿದುಕೊಳ್ಳುತ್ತೇನೆ. ಚೂರು ಅನುಮಾನ ಬಂದರೂ ಬೇಡ ಎನ್ನುತ್ತೇನೆ. ಮೊನ್ನೆ ಆಫೀಸೊಂದರಿಂದ ಬಂದ ತರಕಾರಿಯ ಪಾತ್ರೆಯನ್ನು ಹೆದರಿಕೆಗೆ ಬೇಡ ಎಂದೆ. ವ್ಯಾನ್ ಓಡಿಸುವವನು ಒಂದು ತಟ್ಟೆ ಬಡಿಸಿಕೊಂಡು ತಿಂದ, ಇನ್ನೊಂದು ತಟ್ಟೆ ಬಡಿಸಿಕೊಂಡ. "ಏನಾಗಿದೆಯಮ್ಮಾ ಇದಕ್ಕೆ? ನಮ್ಮ ಮನೇಲಿ ಇಷ್ಟು ಚೆನ್ನಾಗಿ ಮಾಡಿದ್ರೆ ನಾನ್ಯಾಕೆ ನಿಮ್ಮ ವ್ಯಾನ್ ಓಡಿಸ್ಲಿ?" ಎಂದ. ಅತ್ತೆ ಅವನ ಕೈಯಿಂದ ತಟ್ಟೆ ಕಿತ್ತುಕೊಂಡು, "ಅವಳ ಮೂಗಿಗೆ ತಿಳಿದಿದ್ದು ನಿನ್ನ ಹೊಟ್ಟೆಗೆ ನಾಳೆ ತಿಳಿಯುತ್ತೆ, ಸುಮ್ನಿರು" ಎಂದರು. ಮಾರನೆಯ ದಿನ ಅವನು ಗುಂಡುಕಲ್ಲಿನ ಹಾಗೆ ಬಂದು ನಿಂತ. ಆ ರಾತ್ರಿ ಶೆಡ್ಡಿನವರಿಗೆ ಹೋದದ್ದು ಬರೀ ಬ್ರೆಡ್ಡು. ಅದು ಒಳ್ಳೆಯ ಊಟವನ್ನು ಚೆಲ್ಲಿಸಿದ ಕಥೆ. ಕೆಟ್ಟದ್ದಕ್ಕೆ ತಲೆಯಾಡಿಸುವ ದಿನವೂ ಬರುತ್ತದೆ. ಒಂದನೇ ತಾರೀಖಿನ ನಂತರ ಬಂದರೆ, ಹಾಸ್ಟೆಲಿನ ಮಕ್ಕಳು. ನಿಜ ಹೇಳಿಬಿಟ್ಟರೆ ಅತ್ತೆ ಬಾಗಿಲು ಹಾಕುತ್ತಾರೆ, ಅಷ್ಟೂ ಜನ ಖಾಲಿ ಹೊಟ್ಟೆಯಲ್ಲಿ ಮಲಗುತ್ತಾರೆ. ಹೇಳದಿದ್ದರೆ ಯಾವತ್ತೋ ಒಂದು ದಿನ ಒಂದು ಮಗು ಹೊಟ್ಟೆ ಹಿಡಿದುಕೊಳ್ಳುತ್ತದೆ. ಎತ್ತ ತಿರುಗಿದರೂ ಗೋಡೆ.

ನಿನ್ನೆ ಮಧ್ಯಾಹ್ನ ಏನು ಮಾಡಿದೆ ಗೊತ್ತಾ? ಬೇಯಿಸಿದ ಬೇಳೆಯ ಪಾತ್ರೆ ಬಂದಿತ್ತು, ಏನೂ ತೋಚಲಿಲ್ಲ. ಇವರನ್ನು ಕರೆದು, "ರೀ, ಬನ್ನಿ ಇಲ್ಲಿ, ಯಾರ ಮೂಗು ಚುರುಕು ನೋಡೋಣ, ಮೊದಲು ನೀವು ಹೇಳಿ" ಎಂದೆ. ಅವರು ಉತ್ಸಾಹದಿಂದ ಮೂಸಿ "ಚೆನ್ನಾಗಿದೆ" ಎಂದರು. "ಕರೆಕ್ಟ್!" ಎಂದೆ. ಎಂದವಳು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಆ ದನಿ ನನ್ನದಾಗಿರಲಿಲ್ಲ ಅಪ್ಪಾ, ನಿನ್ನದು. ಶಾಲೆಯ ಬಸ್ಸು ಬರುವ ಮೊದಲು ದಿನಾ ಬೆಳಿಗ್ಗೆ ನನ್ನನ್ನು ಕ್ಯಾಂಟೀನಿನ ಒಲೆಗಳ ಮುಂದೆ ಎತ್ತಿ ಹಿಡಿದು, ಹಾಲು, ಬೇಳೆ, ಎಣ್ಣೆ ಒಂದೊಂದಕ್ಕೂ ನೀನು ಆಡುತ್ತಿದ್ದ ಆಟ ಅದು. "ಮೊದಲು ನೀನು ಹೇಳು ಪುಟ್ಟಿ." ನಾನು ಹೇಳಿದ ಮೇಲೆ, "ಅಯ್ಯೋ, ನನಗೆ ಗೊತ್ತೇ ಆಗಲಿಲ್ಲ, ನೀನೇ ಗೆದ್ದೆ!" ಅಷ್ಟು ವರ್ಷಗಳಲ್ಲಿ ನೀನು ಒಂದು ದಿನವೂ ಗೆಲ್ಲಲಿಲ್ಲ. ನನ್ನನ್ನು ಗೆಲ್ಲಿಸುವುದಕ್ಕೆ ಸೋಲುತ್ತೀಯ ಎಂದುಕೊಂಡಿದ್ದೆ. ಆಮೇಲೆ ಒಂದೊಂದೇ ನೆನಪಾಗತೊಡಗಿತು. ಗ್ಯಾಸ್ ಸೋರಿ ಮನೆಯೆಲ್ಲ ತುಂಬಿದ್ದಾಗ ನೀನು ಒಲೆಯ ಪಕ್ಕದಲ್ಲೇ ಕೂತು ಆರಾಮವಾಗಿ ಪೇಪರ್ ಓದುತ್ತಿದ್ದೆ, ನಾನು ಕಿರುಚಿಕೊಂಡು ಬಂದಮೇಲೆ ಎದ್ದೆ. ಅಮ್ಮ ಇದ್ದಾಗ ಅವಳು ಹೇಳದೆ ನೀನು ಹಾಲಿನ ಪಾತ್ರೆ ಮುಟ್ಟುತ್ತಿರಲಿಲ್ಲ.

ಅಪ್ಪಾ, ನಿನಗೆ ವಾಸನೆ ಬರುವುದಿಲ್ಲ, ಅಲ್ಲವಾ? ಯಾವತ್ತೂ ಬರುತ್ತಿರಲಿಲ್ಲ, ಅಲ್ಲವಾ?

ಇದನ್ನು ಕೇಳುತ್ತಲೇ ನಿನ್ನನ್ನು ಅಪ್ಪಿಕೊಳ್ಳಬೇಕು ಎನಿಸುತ್ತಿದೆ. ಕಾರ್ಖಾನೆಯವರಿಗೆ ಗೊತ್ತಾದರೆ ಕೆಲಸ ಹೋಗುತ್ತದೆಂದು ಮುಚ್ಚಿಟ್ಟೆಯಾ? ನಿನಗೆ ಮೂಗಾಗಿದ್ದವರು ಮೊದಲು ಅಮ್ಮ, ಆಮೇಲೆ ನಾನು. ನನ್ನನ್ನು ಮದುವೆ ಮಾಡಿ ಕಳಿಸುವಾಗ ನಗುತ್ತಲೇ ಕಳಿಸಿದೆಯಲ್ಲ, ಈಗ ಬೆಳಿಗ್ಗೆ ಯಾರ ಜೊತೆ ಆಡುತ್ತೀಯ? ಯಾರೂ ಇಲ್ಲದಿದ್ದರೂ ನಿನ್ನ ಕ್ಯಾಂಟೀನಿನಲ್ಲಿ ಊಟ ಮಾಡಿದ ಒಬ್ಬರಿಗೂ ಹೊಟ್ಟೆ ಕೆಟ್ಟ ಸುದ್ದಿ ನಾನು ಕೇಳಿಲ್ಲ. ನಾನು ಶಾಲೆಯ ಟೂರಿಗೆ ಹೋದಾಗಲೂ ಇಲ್ಲ, ಟೈಫಾಯ್ಡ್ ಬಂದು ಮಲಗಿದಾಗಲೂ ಇಲ್ಲ. ಅಂದರೆ ನಿನಗೆ ಬೇರೆ ಯಾವುದೋ ದಾರಿ ಗೊತ್ತಿದೆ. ಬೆರಳಿನಿಂದಲೋ, ನಾಲಿಗೆಯಿಂದಲೋ, ಗಡಿಯಾರದಿಂದಲೋ, ನನಗೆ ಗೊತ್ತಿಲ್ಲ. ಅದನ್ನು ನನಗೆ ಕಲಿಸು. ಮೂಗಿಲ್ಲದೆಯೂ ನೂರಾರು ಜನರಿಗೆ ಒಳ್ಳೆಯ ಊಟ ಹಾಕಬಹುದು ಎಂದು ಒಮ್ಮೆ ಕಣ್ಣಾರೆ ನೋಡಿದರೆ, ಆಗ ನಾನು ಅತ್ತೆಯ ಮುಂದೆ ನಿಂತು ನಿಜ ಹೇಳಬಲ್ಲೆ. ಬರೀ "ನನಗೆ ವಾಸನೆ ಬರಲ್ಲ" ಎಂದು ಹೇಳಲು ಧೈರ್ಯವಿಲ್ಲ. "ಬರಲ್ಲ, ಆದರೆ ಹೀಗೆ ಮಾಡೋಣ" ಎಂದು ಹೇಳಬೇಕು. ಅದಕ್ಕೇ ಒಬ್ಬಳೇ ಬಂದು ಎರಡು ದಿನ ನಿನ್ನ ಕ್ಯಾಂಟೀನಿನಲ್ಲಿ ನಿಲ್ಲಬೇಕೆಂದಿದ್ದೇನೆ. ಅಪ್ಪನ ಮಂಡಿ ನೋಡಿಕೊಂಡು ಬರುತ್ತೇನೆ ಎಂದು ಅತ್ತೆಗೆ ಹೇಳಿದ್ದೇನೆ. ನಿನ್ನ ಮಂಡಿಯನ್ನು ಹೀಗೆ ಬಳಸಿಕೊಂಡದ್ದಕ್ಕೆ ಕೋಪ ಮಾಡಿಕೊಳ್ಳಬೇಡ.

ಮಂಡಿಗೆ ಬಿಸಿ ಎಣ್ಣೆ ತಿಕ್ಕು, ಕಂಬಿ ಹಿಡಿದು ಇಳಿ, ಗ್ಯಾಸಿನ ನಾಬನ್ನು ಎರಡು ಸಲ ನೋಡು, ದಯವಿಟ್ಟು ಎರಡು ಸಲ. ನಿನ್ನ ಅಳಿಯ ನಿನ್ನ ಕಾಲಿಗೆ ಬಿದ್ದಿದ್ದಾರೆ ಎಂದು ಬರೆಯಲು ಹೇಳಿದ್ದಾರೆ. ನಿಜವಾಗಿ ಅವರು ಮಂಚಕ್ಕೆ ಬಿದ್ದು ನಿದ್ದೆ ಹೊಡೆಯುತ್ತಿದ್ದಾರೆ, ಆದರೂ ಆಶೀರ್ವಾದ ಮಾಡಿಬಿಡು.

ಮೂಗು ಸತ್ತರೂ ನಿನ್ನದೇ ಆದ,
ಪುಟ್ಟಿ

ಅಪ್ಪಾ, ಲಕೋಟೆಗೆ ಅಂಟು ಹಚ್ಚುವುದರೊಳಗೆ ಎಲ್ಲ ತಲೆಕೆಳಗಾಯಿತು! ಅತ್ತೆ ಈಗ ತಾನೇ ಒಳಗೆ ಬಂದು, ತಾವೂ ನನ್ನ ಜೊತೆ ಹೊರಟಿರುವುದಾಗಿ ಹೇಳಿದರು. "ಇಂಥ ಮೂಗು ತಯಾರು ಮಾಡಿದ ಮಹಾನುಭಾವನ ಕೈಕೆಳಗೆ ಎರಡು ದಿನ ನಿಂತು ನೋಡ್ತೀನಿ, ಅವರ ಮೂಗು ಇನ್ನೆಂಥದ್ದೋ!" ಎಂದರು. ಆ ಎರಡು ದಿನ ವ್ಯಾನನ್ನೇ ನಿಲ್ಲಿಸಿದ್ದಾರೆ, ನಾನಿಲ್ಲದೆ ಹಂಚುವುದು ಬೇಡವಂತೆ, ಆದ್ದರಿಂದ ಹೆಚ್ಚು ದಿನ ಉಳಿಯುವಂತೆಯೂ ಇಲ್ಲ. ಅವರು ನಿನ್ನ ಮುಂದೆ ಪಾತ್ರೆ ಹಿಡಿಯದೆ ಇರುವುದಿಲ್ಲ. ಹಿಡಿದಾಗ ಆಟ ಆಡಬೇಡ ಅಪ್ಪಾ, ನಿಜ ಹೇಳು. ನಾನು ರೈಲಿನಲ್ಲೇ ನನ್ನದನ್ನು ಹೇಳಿಬಿಡುತ್ತೇನೆ, ಅಷ್ಟು ಹೊತ್ತು ಎದುರುಬದುರು ಕೂತಿರುತ್ತೇವೆ, ಇಬ್ಬರಿಗೂ ಎದ್ದು ಹೋಗಲು ಜಾಗವಿರುವುದಿಲ್ಲ. ಇಳಿಯುವಾಗ ನಮ್ಮಿಬ್ಬರ ಮುಖ ಊದಿದ್ದರೆ ಏನೂ ಕೇಳಬೇಡ, ನೆಟ್ಟಗೆ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ಅವರನ್ನು ಒಲೆಯ ಮುಂದೆ ನಿಲ್ಲಿಸಿ, ನೀನು ದಿನಾ ಹೇಗೆ ಮಾಡುತ್ತೀಯೋ ಹಾಗೆಯೇ ಮಾಡಿ ತೋರಿಸು. ಶನಿವಾರ, ಇಪ್ಪತ್ತನೇ ತಾರೀಖು, ಬೆಳಗಿನ ಪ್ಯಾಸೆಂಜರ್ ರೈಲು.