ಭಾನುವಾರದ ಫೋನಿನಲ್ಲಿ ಹೇಳದೆ ಉಳಿದದ್ದು

ಮನೆ, ಹೊಲಿಗೆ ಕೋಣೆಯ ಕಿಟಕಿ ಪಕ್ಕ
ಬುಧವಾರ, ಮಾರ್ಚ್ ಹನ್ನೊಂದು, ಬೆಳಿಗ್ಗೆ

ಪ್ರೀತಿಯ ‘ಏನ್ರೀ’ ಅವರಿಗೆ,

ಹೇಗಿದ್ದೀರಿ? ಮೊಣಕಾಲು ಏನನ್ನುತ್ತಿದೆ? ಹಡಗಿನ ಅಡುಗೆಮನೆಯ ಆ ಕಬ್ಬಿಣದ ನೆಲದ ಮೇಲೆ ದಿನವಿಡೀ ನಿಲ್ಲುವಾಗ ದಪ್ಪ ಅಡಿಯ ಚಪ್ಪಲಿ ಹಾಕಿಕೊಳ್ಳುತ್ತಿದ್ದೀರೋ, ಇಲ್ಲಾ ಅದನ್ನು ಪೆಟ್ಟಿಗೆಯಲ್ಲೇ ಭದ್ರವಾಗಿ ಇಟ್ಟುಕೊಂಡಿದ್ದೀರೋ? ಇಪ್ಪತ್ತೆರಡು ಜನರ ಹೊಟ್ಟೆ ತುಂಬಿಸಿ, ತಾವು ಮಾತ್ರ ನಿಂತಲ್ಲೇ ಎರಡು ತುತ್ತು ನುಂಗಿ ‘ಊಟ ಆಯ್ತು’ ಅನ್ನುವ ನಿಮ್ಮ ಅಭ್ಯಾಸ ನನಗೆ ಗೊತ್ತಿಲ್ಲದ್ದೇನಲ್ಲ. ಕೂತು ಉಣ್ಣಿ. ಈ ಪತ್ರವನ್ನೂ ಕೂತೇ ಓದಿ. ಮುಂದಿನ ಬಂದರಿನಲ್ಲಿ ಇದು ನಿಮ್ಮ ಕೈ ಸೇರುತ್ತದೆ ಎಂದು ಕಂಪನಿಯವರು ಹೇಳಿದ್ದಾರೆ. ಸುದ್ದಿ ದೊಡ್ಡದಿದೆ, ಅದಕ್ಕೇ ಅದರ ಬಾಲವನ್ನು ಮೊದಲೇ ಹಿಡಿದು ತೋರಿಸಿಬಿಡುತ್ತೇನೆ. ನಾನು ಚೆನ್ನಾಗಿದ್ದೇನೆ. ನಿನ್ನೆ ಮಧ್ಯಾಹ್ನ ಡಾಕ್ಟರಮ್ಮ ತಮ್ಮ ಬಾಯಿಂದಲೇ ಹಾಗೆ ಹೇಳಿದರು. ನಿಮ್ಮ ಮಗಳು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದಾಳೆ, ಬೇಕಾದರೆ ಸಾಕ್ಷಿ ಹೇಳುತ್ತಾಳೆ.

ಈಗ ತಲೆಯ ಕಡೆಗೆ ಬರುತ್ತೇನೆ. ನವೆಂಬರ್ ಕೊನೆಯ ವಾರ ನನಗೆ ಹೃದಯಾಘಾತ ಆಗಿತ್ತು. ಅಬ್ಬ, ಬರೆದುಬಿಟ್ಟೆ. ನಿನ್ನೆ ಸಂಜೆಯಿಂದ ಈ ಒಂದು ಸಾಲಿನ ಹತ್ತಿರ ಬಂದು ಬಂದು ಪೆನ್ನು ಮುಚ್ಚಿಡುತ್ತಿದ್ದೆ.

ಅವತ್ತು ಗುರುವಾರ. ಕ್ರಿಸ್‌ಮಸ್ ರಜೆ ಮುಗಿದು ಜನವರಿಯಲ್ಲಿ ಶಾಲೆ ತೆರೆಯುವ ಮೊದಲು ಕೊಡಬೇಕಾದ ಸಮವಸ್ತ್ರಗಳ ಕೆಲಸ ಕುತ್ತಿಗೆಯವರೆಗೆ ಬಂದಿತ್ತು. ಬೆಳಿಗ್ಗೆ ಎದ್ದಾಗಲೇ ದವಡೆ ನೋಯುತ್ತಿತ್ತು. ಹಲ್ಲು ಕೈಕೊಡುತ್ತಿದೆ ಅಂದುಕೊಂಡೆ. ಹತ್ತು ಗಂಟೆಯ ಹೊತ್ತಿಗೆ ಬೆನ್ನು ಹಿಡಿದುಕೊಂಡಿತು. ಕತ್ತರಿಸುವ ಮೇಜಿನ ಮೇಲೆ ಬಗ್ಗಿ ಬಗ್ಗಿ ಹೀಗಾಗಿದೆ ಅಂದುಕೊಂಡೆ. ಹನ್ನೆರಡಕ್ಕೆ ಬೆವರು ಕಿತ್ತುಕೊಂಡು ಬಂತು. ಮುಟ್ಟು ನಿಲ್ಲುವ ವಯಸ್ಸಲ್ಲವೇ, ಅದರ ಆಟ ಅಂದುಕೊಂಡೆ. ನೋಡಿ, ಒಂದೊಂದಕ್ಕೂ ನನ್ನ ಹತ್ತಿರ ಒಂದೊಂದು ಉತ್ತರ ತಯಾರಿತ್ತು. ಸಿನಿಮಾದಲ್ಲಿ ಗಂಡಸರು ಎದೆ ಹಿಡಿದುಕೊಂಡು ಬೀಳುವುದನ್ನು ನೋಡಿದ್ದೆನೇ ಹೊರತು, ದವಡೆ ಹಿಡಿದುಕೊಂಡು ಬಿದ್ದ ಹೆಂಗಸನ್ನು ಎಲ್ಲೂ ನೋಡಿರಲಿಲ್ಲ. ನನ್ನನ್ನು ಉಳಿಸಿದವರು ಕಾಜಾ ಅಕ್ಕ. ನೀವು ಹಡಗು ಹತ್ತಿದ ಮೇಲೆ ಕೆಲಸಕ್ಕೆ ಸೇರಿದವರು ಅವರು. ಅಂಗಿಯ ಗುಂಡಿ ತೂತಿಗೆ ಕಾಜಾ ಹಾಕಿ ಗುಂಡಿ ಹೊಲಿಯುತ್ತಾರೆ, ಹಾಗಾಗಿ ನಾವಿಟ್ಟ ಹೆಸರು ಅದು. ಮಾತು ಕಡಿಮೆ, ಕಣ್ಣು ಚುರುಕು. ಸಂಜೆ ನಾಲ್ಕರ ಹೊತ್ತಿಗೆ ನಾನು ಅಂಗಿಯ ತೋಳು ಕತ್ತರಿಸುತ್ತಾ ಗೆರೆ ಬಿಟ್ಟು ಅರ್ಧ ಗೇಣು ಒಳಗೆ ಹೋಗಿಬಿಟ್ಟೆನಂತೆ. ಅವರು ಸೂಜಿ ಕೆಳಗಿಟ್ಟು ಎದ್ದರು. “ಕಣ್ಣು ಮುಚ್ಚಿಕೊಂಡು ಕತ್ತರಿಸಿದರೂ ನಿಮ್ಮ ಕೈ ಗೆರೆ ತಪ್ಪಲ್ಲ. ನಡೀರಿ ಆಸ್ಪತ್ರೆಗೆ” ಅಂದರು. “ಈ ಒಂದು ತೋಳು ಮುಗಿಸ್ತೀನಿ ತಾಳಿ” ಅಂದೆ. ಅವರು ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡರು. ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿದ್ದ ಹಾಗೇ ನಾನು ಟ್ಯಾಕ್ಸಿ ಹತ್ತಿದೆ.

ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ತಂತಿ ತೂರಿಸಿ, ಕಟ್ಟಿಕೊಂಡಿದ್ದ ರಕ್ತನಾಳವನ್ನು ಬಿಡಿಸಿ ಒಂದು ಸ್ಟೆಂಟ್ ಇಟ್ಟರು. ನೋವು ಹೋದದ್ದು ನಲ್ಲಿ ನಿಲ್ಲಿಸಿದಷ್ಟು ಸಲೀಸಾಗಿ. ಆದರೆ ತಡವಾಗಿತ್ತು. ಮರುದಿನ ಡಾಕ್ಟರಮ್ಮ ಬಂದು ಮಂಚದ ಮೇಲೇ ಕೂತರು. ನಮ್ಮ ಮಗಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಓಡುವವರ ಹಾಗೆ ಕ್ಯಾನ್ವಾಸ್ ಶೂ ಹಾಕಿಕೊಂಡಿರುತ್ತಾರೆ. “ಬೆಳಿಗ್ಗೆ ದವಡೆ ನೋವು ಬಂದಾಗಲೇ ಬಂದಿದ್ರೆ ಇಷ್ಟು ನಷ್ಟ ಆಗ್ತಿರಲಿಲ್ಲ ಅಮ್ಮಾ” ಅಂದರು, ಬೈಯುವ ದನಿಯಲ್ಲಿ ಅಲ್ಲ. ರಕ್ತ ಸಿಗದೆ ಹೃದಯದ ಮಾಂಸಖಂಡದ ಒಂದು ಭಾಗ ಸತ್ತಿದೆಯಂತೆ. ಈಗ ದೇಹ ಅಲ್ಲಿಗೆ ತನ್ನ ಕೆಲಸದವರನ್ನು ಕಳಿಸುತ್ತದೆ, ಸತ್ತದ್ದನ್ನು ಗುಡಿಸಿ ತೆಗೆಯುವ ಆ ಗಲಾಟೆಗೇ ಉರಿಯೂತ ಅನ್ನುವುದು, ಅದಿಲ್ಲದೆ ಗಾಯ ಮಾಯುವುದಿಲ್ಲ, ಅತಿಯಾದರೂ ಒಳ್ಳೆಯದಲ್ಲ, ಗುಡಿಸಿ ಮುಗಿದ ಮೇಲೆ ಆ ಜಾಗದಲ್ಲಿ ಗಟ್ಟಿ ಕಲೆ ಕೂರುತ್ತದೆ ಎಂದು ವಿವರಿಸಿದರು. “ಆ ಕಲೆ ಮತ್ತೆ ಮಾಂಸಖಂಡ ಆಗತ್ತಾ?” ಅಂತ ಕೇಳಿದೆ. “ಇಲ್ಲ. ಹಿಡಿದುಕೊಳ್ಳತ್ತೆ, ಆದರೆ ಕುಗ್ಗಿ ಹಿಗ್ಗೋ ಕೆಲಸ ಮಾಡಲ್ಲ” ಅಂದರು. ನನಗೆ ತಕ್ಷಣ ಅರ್ಥವಾಯಿತು. ಹರಿದ ಬಟ್ಟೆಗೆ ರಫು ಮಾಡಿದ ಹಾಗೆ. ತೂತು ಮುಚ್ಚುತ್ತದೆ, ಆದರೆ ಆ ಜಾಗ ಬಟ್ಟೆಯ ಜೊತೆ ಎಳೆದುಕೊಳ್ಳುವುದಿಲ್ಲ. ಹಾಗಂದಾಗ ಡಾಕ್ಟರಮ್ಮ ನಕ್ಕು, ಇದನ್ನು ಬೇರೆ ರೋಗಿಗಳಿಗೂ ಹೇಳುತ್ತೇನೆ ಅಂದರು. ಉಳಿದ ಭಾಗದ ಬಲ ಎಷ್ಟು ಹಿಂದಿರುಗುತ್ತದೆ ಅನ್ನುವುದು ಮಾತ್ರ ಮೂರು ತಿಂಗಳ ನಂತರವೇ ಗೊತ್ತಾಗುವುದು ಎಂದರು.

ನಿಮಗೆ ಹೇಳಬಾರದು ಅಂತ ತೀರ್ಮಾನಿಸಿದವಳು ನಾನೇ. ಮಗಳ ಮೇಲೆ ಸಿಟ್ಟು ಮಾಡಬೇಡಿ. ಅವಳು ನನ್ನ ಜೊತೆ ಜಗಳವಾಡಿದಳು, ಅತ್ತಳು, ಎರಡು ದಿನ ಮಾತು ಬಿಟ್ಟಳು. ನೀವು ನಡುಕಡಲಿನಲ್ಲಿದ್ದಿರಿ. ಕೇಳಿ ಮಾಡುವುದೇನಿತ್ತು? ಒಲೆಯ ಮುಂದೆ ನಿಂತು ಕೈ ಹಿಸುಕಿಕೊಳ್ಳುವುದು ತಾನೇ? ಹಾಗಾಗಿ ಪ್ರತಿ ಭಾನುವಾರ ನಿಮ್ಮ ಐದು ನಿಮಿಷದ ಫೋನು ಬರುವ ಮುಂಚೆ ನಾನು ಹತ್ತು ನಿಮಿಷ ದಿಂಬಿಗೆ ಒರಗಿ ಉಸಿರು ಕೂಡಿಸಿಟ್ಟುಕೊಳ್ಳುತ್ತಿದ್ದೆ. ಒಂದು ಸಲ ನೀವು ಕೇಳಿದಿರಿ, “ಯಾಕೆ, ದನಿ ಸುಸ್ತಾದ ಹಾಗಿದೆ?” ಅಂತ. “ಮೆಟ್ಟಿಲು ಹತ್ತಿ ಬಂದೆ” ಅಂದೆ. ಮಗಳು ಬಾಗಿಲಲ್ಲಿ ನಿಂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಇಷ್ಟೇ ಆಗಿದ್ದರೆ ನನ್ನ ಜಂಬ ಹಾಗೇ ಉಳಿಯುತ್ತಿತ್ತೇನೋ. ಮನೆಗೆ ಬಂದು ಮೂರು ವಾರವಾಗಿತ್ತು. ಬೀದಿಯ ತುದಿಯ ಔಷಧಿ ಅಂಗಡಿವರೆಗೆ ನಡೆದು ಬರುವಷ್ಟಾಗಿದ್ದೆ. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದೆ, ಎದೆಯಲ್ಲಿ ಚಾಕು ಆಡಿಸಿದ ಹಾಗಾಯಿತು. ಉಸಿರು ಎಳೆದರೆ ನೋವು, ಎಡಕ್ಕೆ ಹೊರಳಿದರೆ ನೋವು, ಮೈ ಕೆಂಡದ ಹಾಗೆ ಸುಡುತ್ತಿತ್ತು. ಈ ಸಲ ಉತ್ತರ ಹುಡುಕಲಿಲ್ಲ, ಮಗಳನ್ನು ಕೂಗಿದೆ. ಎರಡನೆಯದು ಬಂತು, ನನ್ನ ಕಥೆ ಮುಗಿಯಿತು ಅಂತಲೇ ಗಟ್ಟಿಮಾಡಿಕೊಂಡೆ. ಆಂಬುಲೆನ್ಸಿನಲ್ಲಿ ಮಗಳಿಗೆ ಬೀರುವಿನ ಬೀಗದ ಕೈ ಎಲ್ಲಿದೆ, ಯಾವ ಶಾಲೆಯ ಅಳತೆ ಪುಸ್ತಕ ಯಾವುದು ಅಂತೆಲ್ಲ ಒಪ್ಪಿಸುತ್ತಾ ಹೋದೆ. ಅವಳು “ಅಮ್ಮಾ, ಬಾಯ್ಮುಚ್ಚು” ಅಂತ ನನ್ನ ಕೈ ಅವುಚಿ ಹಿಡಿದಳು. ಆಗ ನಿಮ್ಮ ನೆನಪಾಯಿತು. ಎಲ್ಲೋ ನೀರಿನ ಮೇಲೆ ನಿಂತು ನೀವು ಹಿಟ್ಟು ನಾದುತ್ತಿರುತ್ತೀರಿ, ಭಾನುವಾರ ಫೋನು ಮಾಡುತ್ತೀರಿ, ನಾನು ಎತ್ತುವುದಿಲ್ಲ. ಮೆಟ್ಟಿಲು ಹತ್ತಿ ಬಂದೆ ಅನ್ನುವ ಸುಳ್ಳೇ ನಿಮಗೆ ನನ್ನ ಕೊನೆಯ ಮಾತಾಗಿ ಉಳಿಯುತ್ತದೆ ಅನ್ನಿಸಿ ಎದೆನೋವಿಗಿಂತ ಅದೇ ಹೆಚ್ಚು ಚುಚ್ಚಿತು. ತಪ್ಪು ಮಾಡಿದೆ ಅಂತ ಆಗಲೇ ಗೊತ್ತಾಯಿತು.

ಡಾಕ್ಟರಮ್ಮ ಓಡಿಕೊಂಡೇ ಬಂದರು. ನಾನು ಮುಂದಕ್ಕೆ ಬಾಗಿ, ಮೊಣಕಾಲ ಮೇಲೆ ಕೈಯೂರಿ ಕೂತಿದ್ದೆ. “ಹೀಗೆ ಕೂತರೆ ನೋವು ಕಮ್ಮಿ ಆಗತ್ತಾ?” ಅಂದರು. ಹೌದು ಅಂದೆ. ಎದೆಗೆ ಸ್ಟೆತಸ್ಕೋಪು ಇಟ್ಟು ತುಂಬಾ ಹೊತ್ತು ಕೇಳಿದರು, ಇಸಿಜಿ ನೋಡಿದರು, ರಕ್ತ ಕಳಿಸಿದರು, ಸ್ಕ್ಯಾನ್ ಮಾಡಿಸಿದರು. ನಾನು ಅವರ ಮುಖವನ್ನೇ ಓದುತ್ತಿದ್ದೆ. ಒಂದು ಗಂಟೆ ಕಳೆದ ಮೇಲೆ ಆ ಮುಖ ಸಡಿಲವಾಯಿತು. “ಇದು ಎರಡನೇ ಹೃದಯಾಘಾತ ಅಲ್ಲ ಅಮ್ಮಾ. ಹೃದಯದ ಸುತ್ತ ಒಂದು ತೆಳ್ಳಗಿನ ಚೀಲ ಇರತ್ತಲ್ಲ, ಅದಕ್ಕೆ ಉರಿಯೂತ ಬಂದಿದೆ. ಕೆಲವರಿಗೆ ಗಾಯ ಆದ ಕೆಲವು ವಾರದ ಮೇಲೆ ಹೀಗಾಗತ್ತೆ. ರಿಪೇರಿಗೆ ಬಂದವರು ಪಕ್ಕದ ಮನೆ ಗೋಡೆನೂ ಕೆರೆದುಬಿಟ್ಟ ಹಾಗೆ. ಮಾತ್ರೆಲಿ ಹೋಗತ್ತೆ.” ನನ್ನ ಎದೆಯೊಳಗೆ ಹೊಸ ಚಪ್ಪಲಿ ಕಿರುಗುಟ್ಟುವಂಥ ಸದ್ದು ಕೇಳಿಸುತ್ತಿತ್ತಂತೆ, ಚೀಲದ ಎರಡು ಪದರ ಒಂದಕ್ಕೊಂದು ಉಜ್ಜುವ ಸದ್ದು. ಮಗಳಿಗೂ ಕೇಳಿಸಿದರು. ಅವಳು ಕಣ್ಣೀರು ಸುರಿಸುತ್ತಲೇ ನಗತೊಡಗಿದಳು. ಎರಡೇ ದಿನಕ್ಕೆ ಜ್ವರ ಇಳಿಯಿತು, ವಾರದಲ್ಲಿ ನೋವು ಮಾಯವಾಯಿತು, ಮಾತ್ರೆ ಮಾತ್ರ ನಿಲ್ಲಿಸದೆ ಎರಡೂವರೆ ತಿಂಗಳು ನುಂಗಿದೆ.

ನಿನ್ನೆ ಕಡೆಯ ಸ್ಕ್ಯಾನ್ ಇತ್ತು. ಪರದೆಯ ಮೇಲೆ ನನ್ನ ಹೃದಯವನ್ನು ನಾನೇ ನೋಡಿದೆ ಕಣ್ರೀ. ಬೂದು ಬಣ್ಣದ ಮೀನಿನ ಬಾಯಿಯ ಹಾಗೆ ತೆರೆದು ಮುಚ್ಚುತ್ತಿತ್ತು. ಕೆಳಗಿನ ಒಂದು ಮೂಲೆ ಮಾತ್ರ ಸುಮ್ಮನೆ ಕೂತಿತ್ತು. ಅದೇ ಕಲೆ. ಅದು ಇನ್ನು ಹೋಗುವುದಿಲ್ಲ. ಆದರೆ ಅದು ಉಬ್ಬಿಲ್ಲ, ಹರಡಿಲ್ಲ, ಸುತ್ತಲಿನವರೆಲ್ಲ ಅದರ ಪಾಲಿನ ಕೆಲಸವನ್ನೂ ಹಂಚಿಕೊಂಡಿದ್ದಾರೆ. ಹೃದಯದ ಪಂಪಿನ ಬಲ ನವೆಂಬರಿನಲ್ಲಿ ಮೂವತ್ತೆಂಟಿತ್ತು, ಈಗ ಐವತ್ತೆರಡು. ನೂರಕ್ಕೆ ಐವತ್ತೆರಡು ಅಂದರೆ ಕಡಿಮೆ ಅನ್ನಿಸಿ ನನ್ನ ಮುಖ ಬಾಡಿತು. ಗಟ್ಟಿಮುಟ್ಟಾಗಿರುವವರಿಗೂ ಅರವತ್ತರ ಆಸುಪಾಸೇ ಇರುವುದು ಅಂತ ಡಾಕ್ಟರಮ್ಮ ಸಮಾಧಾನ ಹೇಳಿದರು. ಮೆಟ್ಟಿಲು ಹತ್ತಬಹುದು, ದಿನಕ್ಕೆ ನಾಲ್ಕು ಗಂಟೆ ಹೊಲಿಯಬಹುದು. ಆಸ್ಪತ್ರೆಯಿಂದ ಹೊರಗೆ ಬಂದು ನಾವಿಬ್ಬರೂ ಬಸ್ಸಿಗೆ ಕಾಯದೆ ಮನೆಯವರೆಗೆ ನಡೆದೇ ಬಂದೆವು, ಅಂಗಡಿ ಅಂಗಡಿಯ ಕಿಟಕಿ ನೋಡುತ್ತಾ, ಎಲ್ಲಿಯೂ ಏನೂ ಕೊಳ್ಳದೆ. ಅಷ್ಟು ಹಗುರಾಗಿ ಯಾವಾಗ ನಡೆದಿದ್ದೆನೋ ನೆನಪಿಲ್ಲ.

ಸಮವಸ್ತ್ರಗಳನ್ನು ಕಾಜಾ ಅಕ್ಕ ಇನ್ನಿಬ್ಬರನ್ನು ಸೇರಿಸಿಕೊಂಡು ಹೇಳಿದ ದಿನಕ್ಕೇ ಮುಗಿಸಿಕೊಟ್ಟರು. ಅಡುಗೆ ನಿಮ್ಮ ಮಗಳದ್ದು. ಉಪ್ಪಿನ ಡಬ್ಬಿಯನ್ನು ನನಗೆ ಸಿಗದ ಹಾಗೆ ಬಚ್ಚಿಟ್ಟಿದ್ದಾಳೆ. ನೀವು ಬಂದರೆ ಅಪ್ಪ ಮಗಳ ಮಧ್ಯೆ ಅದಕ್ಕೇ ಮೊದಲ ಯುದ್ಧ. ಕೋಪ ಬಂದಿದ್ದರೆ ಭಾನುವಾರ ಐದು ನಿಮಿಷವೂ ಬೈಯಿರಿ, ಒಂದೂ ಎದುರು ಮಾತಾಡದೆ ಕೇಳಿಸಿಕೊಳ್ಳುತ್ತೇನೆ. ಅರ್ಧ ದಾರಿಯಲ್ಲಿ ಹಡಗು ಬಿಟ್ಟು ಓಡಿ ಬರಬೇಡಿ, ಅಂಥದ್ದೇನೂ ಇಲ್ಲ. ಮೈ ಜೋಪಾನ. ಮಗಳು ಅಪ್ಪನಿಗೆ ಮುತ್ತು ಕಳಿಸಿದ್ದಾಳೆ. ಕಾಜಾ ಅಕ್ಕ, ಮುಖ ನೋಡದಿದ್ದರೂ ನಮಸ್ಕಾರ ಹೇಳಿದ್ದಾರೆ.

ಇನ್ನು ಮುಂದೆ ಸುಳ್ಳು ಹೇಳದ,
ನಿಮ್ಮವಳು

ಮರೆತಿದ್ದೆ: ಕಾಜಾ ಅಕ್ಕ ಅಂಚೆಗೆ ಹಾಕಲು ಬಾಗಿಲಲ್ಲೇ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಮರೆತಿದ್ದೆ ಅನ್ನುವುದೂ ಸುಳ್ಳೇ, ಬರೆಯಲು ನಾಚಿಕೆಯಾಗಿತ್ತು. ಜೂನಿನಲ್ಲಿ ಈ ಪಯಣ ಮುಗಿದಾಗ ಕಂಪನಿಯವರು ಎಂದಿನಂತೆ ಮುಂದಿನ ಒಂಬತ್ತು ತಿಂಗಳ ಕಾಗದ ಚಾಚುತ್ತಾರೆ. ಈ ಸಲ ಸಹಿ ಹಾಕಬೇಡಿ. ಇಪ್ಪತ್ತೊಂದು ವರ್ಷದಲ್ಲಿ ಒಮ್ಮೆಯೂ ಕೇಳಿದವಳಲ್ಲ. ಡಾಕ್ಟರಮ್ಮ ಹೇಳಿಕೊಟ್ಟರು ಅಂದುಕೊಳ್ಳಬೇಡಿ, ನನಗೆ ವಾಸಿಯಾಗಿದೆ ಅಂತ ಮೇಲೆ ಬರೆದಿದ್ದೇನಲ್ಲ. ವಾಸಿಯಾದ ಮೇಲೂ ನೀವು ಮನೆಯಲ್ಲಿರಬೇಕು ಅನ್ನಿಸುತ್ತಿದೆ. ಅಷ್ಟೇ. ಬನ್ನಿ.