ಎಸಿಗೆ ಸುರಿದ ಅಂಟು

ತಮ್ಮಾ,

ಅಮ್ಮನನ್ನು ಕಣ್ಣಿನ ಆಪರೇಷನ್‌ಗೆ ಆಟೋದಲ್ಲಿ ಕರೆದುಕೊಂಡು ಹೊರಟೆ. ನೀನು ಎದ್ದ ಕೂಡಲೇ ಕಾರನ್ನು ಎಸಿ ಮೆಕ್ಯಾನಿಕ್ ಹತ್ತಿರ ಒಯ್ಯಿ. ಮತ್ತೆ ಬರೀ ಗ್ಯಾಸ್ ತುಂಬಿಸಿಕೊಂಡು ಬರಬೇಡ. ಸೋರುವ ಜಾಗ ಹುಡುಕಿಸದೆ ತುಂಬಿಸಿದರೆ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಎಷ್ಟು ಸಲ ಹೇಳಲಿ?

ಸೋರಿಕೆ ನಿಲ್ಲಿಸುವ ಅಂಟಿನ ಖಾಲಿ ಡಬ್ಬಿ ಸೀಟಿನ ಕೆಳಗೆ ಸಿಕ್ಕಿತು. ವಿಡಿಯೋ ನೋಡಿ ನೀನೇ ಸುರಿದೆಯಾ, ಮಹಾರಾಯ? ಮೆಕ್ಯಾನಿಕ್ ಹಳೇ ಗ್ಯಾಸ್ ಎಳೆದು ತೆಗೆಯುವ ತನ್ನ ಮೆಷಿನ್ ಜೋಡಿಸುವ ಮೊದಲೇ ಅದನ್ನು ಹೇಳಿಬಿಡು. ಇಲ್ಲದಿದ್ದರೆ ಆ ಅಂಟು ಅವನ ಮೆಷಿನ್ನಿನೊಳಗೂ ಕಟ್ಟಿಕೊಳ್ಳುತ್ತದೆ, ನಮ್ಮ ಕೆಲಸವೂ ಅಲ್ಲಿಗೇ ನಿಲ್ಲುತ್ತದೆ.

ಸಂಜೆ ಅಮ್ಮ ಇದೇ ಕಾರಿನಲ್ಲಿ ಮನೆಗೆ ಬರಬೇಕು. ಕಣ್ಣಿಗೆ ಧೂಳು ತಾಗಬಾರದು, ಕಿಟಕಿ ಇಳಿಸುವ ಹಾಗಿಲ್ಲ. ಈ ಸೆಖೆಯಲ್ಲಿ ಅವರನ್ನು ಬೇಯಿಸುತ್ತೀಯಾ?

ಬಾಯಿ ಬಿಡೋಕೆ ನಾಚಿಕೆಯಾದರೆ ಅಕ್ಕ ಸುರಿದಳು ಅನ್ನು. ನಾನು ಬೈಸಿಕೊಳ್ಳುತ್ತೇನೆ. ಹೇಳು ಮಾತ್ರ.

ಅಕ್ಕ